ಮಾಳದ ಮೇಲೆ ಬರೇ ನೀರು

ಮಾರ್ಚ್ ಎರಡು, ಬೆಳಿಗ್ಗೆ ಆರೂವರೆ. ನನ್ನ ಮಾಳದ ಲೆಕ್ಕ ಶುರುವಾದದ್ದು ಆ ದಿನ, ಆ ಹೊತ್ತಿಗೆ. ಮೊದಲ ಸಾಲಿನಲ್ಲಿ ಬರೆದದ್ದು ಇಷ್ಟೇ: ನೀರು, ಎರಡು ಕ್ಯಾನ್. ಹೋದವರು, ಅಜ್ಜ ಮತ್ತು ನಾನು. ಬಂದವರು, ಯಾರೂ ಇಲ್ಲ.

ಬಂದವರು ಅಂದರೆ ಹಕ್ಕಿಗಳು. ಹೈಸ್ಕೂಲಿನಿಂದಲೂ ನನಗೆ ಹೀಗೆ ಬರೆದಿಡುವ ಚಟ. ಎಮ್ಮೆ ಕೊಟ್ಟ ಹಾಲು, ಬಸ್ಸು ಬಂದ ಹೊತ್ತು, ಮಳೆ ಬಿದ್ದ ದಿನ, ಎಲ್ಲಕ್ಕೂ ಒಂದೊಂದು ಗೆರೆ. ನಾಲ್ಕು ಗೆರೆ ಆದ ಮೇಲೆ ಐದನೆಯದನ್ನು ಅಡ್ಡ ಎಳೆಯುವುದು. ಮನೆಯಲ್ಲಿ ನನಗೆ ತಲಾಠಿಬಾಯಿ, ಅಂದರೆ ಊರ ಲೆಕ್ಕ ಬರೆಯುವವಳು, ಅಂತ ಹೆಸರಿಟ್ಟಿದ್ದಾರೆ.

ನಮ್ಮದು ಕನ್ನಡ, ಮರಾಠಿ ಎರಡೂ ಆಡುವ ಗಡಿ ಸೀಮೆ; ಊರು ಬಾಲಗಾಂವದಿಂದ ಸ್ವಲ್ಪ ಆಚೆಗೆ. ಮನೆಗಳು ಮುಗಿದು, ದಾಳಿಂಬೆ ತೋಟಗಳ ತಂತಿಬೇಲಿ ಮುಗಿದು, ಕೊನೆಯ ಬೇವಿನ ಗಿಡವೂ ಹಿಂದೆ ಉಳಿದ ಮೇಲೆ ನೆಲ ಮೆಲ್ಲಗೆ ಏರುತ್ತದೆ. ಅಲ್ಲಿಂದ ಮುಂದೆ ಮಾಳ. ದನ, ಕುರಿ ಮೇಯಲೆಂದು ಹಿಂದಿನವರು ಬಿಟ್ಟ ಊರ ಜಾಗ, ಕಾಗದದಲ್ಲಿ ಗಾಯರಾನ. ಹೊರಗಿನಿಂದ ಬಂದವರು ಗಾಡಿ ನಿಲ್ಲಿಸಿ, ಸುತ್ತ ನೋಡಿ, ಇಲ್ಲಿ ಏನೂ ಇಲ್ಲವಲ್ಲ ಅನ್ನುತ್ತಾರೆ. ಊರವರೂ ಖಾಲಿ ಬಿದ್ದ ಜಾಗ ಅಂತಲೇ ಅನ್ನುತ್ತಾರೆ. ಖಾಲಿ ಕಂಡಲ್ಲಿ ಏನಾದರೂ ಇಡಬೇಕು ಅನ್ನಿಸುವುದು ಮನುಷ್ಯರ ಗುಣ. ಕೆಲವರು ಕಸ ತಂದು ಹಾಕುತ್ತಾರೆ, ಕೆಲವರು ಸೋಲಾರ್ ಫಲಕ ನಿಲ್ಲಿಸುತ್ತಾರೆ, ನಮ್ಮಂಥವರು ದಾನಧರ್ಮ ಮಾಡುತ್ತೇವೆ.

ಆದರೆ ಸೂರ್ಯ ಹುಟ್ಟುವ ಮೊದಲು ಅಲ್ಲಿ ಹೋಗಿ ಸುಮ್ಮನೆ ಕೂತವರು ಖಾಲಿ ಅನ್ನಲಾರರು. ಹುಲ್ಲು ಮೊಣಕಾಲಿನಷ್ಟೂ ಎತ್ತರವಿಲ್ಲ. ಒಣಗಿ ಬೆಳ್ಳಗಾದ ಅದರ ಮೇಲೆ ಅಡ್ಡ ಬಿಸಿಲು ಬಿದ್ದಾಗ ಇಡೀ ಮಾಳ ಕಾಯಿಸಿಟ್ಟ ಹಾಲಿನ ಕೆನೆಯ ಹಾಗೆ ಅಲುಗುತ್ತದೆ. ದೂರದ ದಿಬ್ಬದ ಮೇಲೆ ಪವನಚಕ್ಕಿಗಳು ನಿದ್ದೆಗಣ್ಣಿನಲ್ಲಿ ಬೀಸುಕಲ್ಲು ತಿರುವುವ ಹೆಂಗಸಿನ ಹಾಗೆ ತಿರುಗುತ್ತಿರುತ್ತವೆ. ಮಣ್ಣಿನ ಹೆಂಟೆ ಅಂದುಕೊಂಡದ್ದು ಪಟ್ಟನೆ ಮೇಲೆದ್ದು, ಕಣ್ಣಿಗೆ ಚುಕ್ಕಿಯಾಗುವಷ್ಟು ಎತ್ತರಕ್ಕೆ ಹೋಗಿ, ಅಲ್ಲೇ ನಿಂತು ಹಾಡಿ, ಹಾಡು ತೀರಿದ ಮೇಲೆ ಕಲ್ಲಿನ ಹಾಗೆ ಕೆಳಗೆ ಬೀಳುತ್ತದೆ. ಅದು ನೆಲಗುಬ್ಬಿ. ಚಳಿಗಾಲಕ್ಕೆ ತೆಳ್ಳನೆಯ ಉದ್ದ ರೆಕ್ಕೆಯ ಬೂದುಬಣ್ಣದ ಗಿಡುಗಗಳು ಬರುತ್ತವೆ, ಹಿಮ ಬೀಳುವ ದೇಶಗಳಿಂದ, ಎಷ್ಟೋ ಗಡಿಗಳನ್ನು ದಾಟಿ. ಅಷ್ಟು ದೂರ ಬಂದವು ಸಂಜೆಗೆ ಮರ ಹುಡುಕುವುದಿಲ್ಲ. ಹುಲ್ಲಿನೊಳಗೆ ಇಳಿದು ನೆಲಕ್ಕೆ ಎದೆಯಾನಿಸಿ ಮಲಗುತ್ತವೆ. ಯಾವುದೋ ದೇಶದ ಹಕ್ಕಿಗೆ ನಮ್ಮ ಊರ ದನದ ಜಾಗ ಹಾಸಿಗೆಯಾಗಿದೆ ಅನ್ನುವುದನ್ನು ನೆನೆದುಕೊಂಡರೆ ಮಾಳ ನನಗೆ ಇನ್ನಷ್ಟು ಅಗಲವಾಗಿ ಕಾಣುತ್ತದೆ.

ಮಾಳದಲ್ಲಿ ಎಲ್ಲರ ಬಾಳು ನೆಲದ ಮೇಲೆ. ಗೂಡು ಅಂದರೆ ಕಟ್ಟಿದ ಗೂಡಲ್ಲ. ಎಮ್ಮೆಯ ಗೊರಸು ಊರಿದಷ್ಟು ತಗ್ಗು, ಸುತ್ತ ನಾಲ್ಕು ಹರಳು, ನಡುವೆ ಹರಳಿನದೇ ಬಣ್ಣದ ತತ್ತಿ. ಕಾಣದಿರುವುದೇ ಅದಕ್ಕೆ ಗೋಡೆ ಮತ್ತು ಬಾಗಿಲು.

ಇದನ್ನೆಲ್ಲ ನನಗೆ ತೋರಿಸಿದವಳು ಅಜ್ಜಿ. ಆಕೆ ದಿನಾ ಆಡುಗಳನ್ನು ಹೊಡೆದುಕೊಂಡು ಮಾಳಕ್ಕೆ ಹೋಗುತ್ತಿದ್ದಳು. ಟಿಟವಿ ಅಂತ ನಾವು ಕರೆಯುವ ಉದ್ದ ಕಾಲಿನ ಹಕ್ಕಿ ಯಾರು ಮಾಳಕ್ಕೆ ಕಾಲಿಟ್ಟರೂ ತಲೆಯ ಮೇಲೆ ಸುತ್ತುತ್ತ ಊರಿಗೆಲ್ಲ ಕೇಳುವ ಹಾಗೆ ಒದರುತ್ತದೆ. ಅಜ್ಜಿ ಹೋದರೆ ಮಾತ್ರ ಒದರುತ್ತಿರಲಿಲ್ಲ. ಕತ್ತು ತಿರುಗಿಸಿ ನೋಡಿ, ಓ ಈಕೆಯೇ ಅಂದ ಹಾಗೆ, ತನ್ನ ಕೆಲಸಕ್ಕೆ ತೊಡಗುತ್ತಿತ್ತು. ಅಜ್ಜನಿಗೆ ಇದೊಂದು ಹೊಟ್ಟೆಕಿಚ್ಚು. "ನನ್ನ ಕಂಡ್ರ ಕಳ್ಳ ಬಂದಂಗ ಮಾಡತಾವು," ಅನ್ನುತ್ತಿದ್ದರು. "ನೀವು ಹೋಗೂದು ವರ್ಷಕ್ಕೊಮ್ಮೆ. ಕಳ್ಳರನ್ನ ಬಿಟ್ಟು ಮತ್ಯಾರು ಹಂಗ ಬರತಾರ?" ಅನ್ನುತ್ತಿದ್ದಳು ಅಜ್ಜಿ.

ಆಕೆಯ ಇನ್ನೊಂದು ರೂಢಿಯನ್ನೂ ಇಲ್ಲೇ ಹೇಳಬೇಕು. ನಮ್ಮ ಕಡೆ ಬಿಸಿಲಿನಲ್ಲಿ ಬಂದವರಿಗೆ ನೀರು ಕೊಡುವಾಗ ಜೊತೆಗೆ ಬೆಲ್ಲದ ಒಂದು ಚೂರಾದರೂ ಇಡುತ್ತಾರೆ. ಅಜ್ಜಿಗೆ ಇದು ಉಸಿರಾಟದಷ್ಟೇ ಸಹಜ. ಅಂಚೆಯವರು ಬರಲಿ, ಮೀಟರ್ ನೋಡುವವರು ಬರಲಿ, ಬೆಲ್ಲ ಇಲ್ಲದ ದಿನ ರೊಟ್ಟಿಯ ತುಣುಕು, ಅದೂ ಇಲ್ಲದಿದ್ದರೆ ನಾಲ್ಕು ಶೇಂಗಾ. ಏನೂ ಸಿಗದ ದಿನ ತಂಬಿಗೆ ಕೊಡುತ್ತ, "ಬರೇ ನೀರು ಐತ್ರಿ, ತಪ್ಪು ತಿಳಕೋಬ್ಯಾಡ್ರಿ," ಅಂತ ನಾಚಿಕೊಂಡು ಹೇಳುತ್ತಿದ್ದಳು.

ಒಂದು ಶ್ರಾವಣದಲ್ಲಿ ಅಜ್ಜಿ ಹೋದಳು. ಆಡುಗಳನ್ನು ಮಾರಿದರು. ಬೇಸಿಗೆ ಬರುವ ಹೊತ್ತಿಗೆ ಅಜ್ಜ ಆಕೆಯ ಹೆಸರಿನಲ್ಲಿ ಪಾಣಪೋಯಿ ಇಡಿಸುತ್ತೇನೆ ಅಂದರು. ಪಾಣಪೋಯಿ ಅಂದರೆ ಅರವಟಿಗೆ; ಹೋದವರ ನೆನಪಿಗೆ ಬಸ್ ಸ್ಟ್ಯಾಂಡಿನಲ್ಲಿ ಮಡಕೆ ಇಟ್ಟು, ಹೆಸರಿನ ಬೋರ್ಡು ತೂಗುಹಾಕುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅಜ್ಜ ಬಸ್ ಸ್ಟ್ಯಾಂಡ್ ಬೇಡ ಅಂದರು.

"ಅಲ್ಲಿ ಕುಡಿಯೋರಿಗೆ ಆಕಿ ಯಾರಂತ ಗೊತ್ತಿಲ್ಲ," ಅಂದರು. "ಮಾಳದಾಗ ಗೊತ್ತಿದ್ದವರದಾರ."

ಅಜ್ಜಿ ಒಮ್ಮೆ ನೋಡಿ ಬಂದದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು. ಏಪ್ರಿಲ್ ಮಧ್ಯಾಹ್ನ ಮಾಳದಲ್ಲಿ ನೆರಳು ಅಂದರೆ ತಂತಿಬೇಲಿಯ ಒಂದು ಕಲ್ಲುಕಂಬದ ನೆರಳು. ಅಂಗೈ ಅಗಲದ ಆ ನೆರಳಿನಲ್ಲಿ ನೆಲಗುಬ್ಬಿಗಳು ಒಂದರ ಹಿಂದೆ ಒಂದು ಸಾಲಾಗಿ, ಕೊಕ್ಕು ತೆರೆದು ನಿಂತಿದ್ದವಂತೆ. ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತಂತೆ, ಗಡಿಯಾರದ ಮುಳ್ಳಿನ ಹಾಗೆ. ಆಕೆ ಅಂದು ಮನೆಗೆ ಬಂದು ಊಟ ಮಾಡಿರಲಿಲ್ಲ.

ಕಟ್ಟಲು ಬಂದವರು ಊರ ಗೌಂಡಿ, ಅಜ್ಜನ ಹುಡುಗತನದ ಗೆಳೆಯ. ನಾನು ಮಾಮಾ ಅನ್ನುತ್ತೇನೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ನಮ್ಮ ಗೋಡೆಯ ಮೇಲೆ ಬಸವಣ್ಣನದು. ಅವರಿಬ್ಬರ ಜಗಳ ಮಾತ್ರ ಯಾವತ್ತೂ ಚಹಾಕ್ಕೆ ಹಾಕುವ ಸಕ್ಕರೆಯ ಬಗ್ಗೆ.

"ಅಣ್ಣಾರ, ಕಟ್ಟಿ ಎಷ್ಟು ಎತ್ತರ ಇಡ್ಲಿ?" ಅಂತ ಮಾಮಾ ಕೇಳಿದರು.

"ಕಟ್ಟೀನ ಬ್ಯಾಡ. ನೆಲದ ಸಮ ಇರಲಿ. ಕಾಲು ಮುಂದಿಟ್ರ ನೀರು ಸಿಗಬೇಕು."

"ಹಂಗಂದ್ರ ಇದು ಪಾಣಪೋಯಿ ಅಲ್ಲರಿ, ತಾಟು. ಇಷ್ಟು ವರ್ಷ ಗೌಂಡಿಕಿ ಮಾಡೀನಿ, ನೆಲದಾಗ ತಾಟು ಕಟ್ಟಿಲ್ಲ ನೋಡ್ರಿ."

"ಈಗ ಕಟ್ಟು. ಪಂಕ್ತಿಗೆ ಕುಂದರೋರು ಸಣ್ಣ ಮಂದಿ."

"ಹೆಸರು ಎಲ್ಲಿ ಹಾಕೂದು?"

"ಹೆಸರ್ಯಾಕ? ಓದೋರು ಯಾರದಾರ ಇಲ್ಲಿ?"

ಮಾಮಾ ನಕ್ಕು, ಕೈ ಒರೆಸಿಕೊಂಡು, ಅಂಚುಗಳನ್ನು ಅಂಗೈಯಿಂದಲೇ ಸವರಿ ಸವರಿ ಇಳಿಜಾರು ಮಾಡಿದರು. ಮುಗಿದ ಮೇಲೆ ಅದು ನಿಜಕ್ಕೂ ಮಾಳದ ಮೇಲೆ ಯಾರೋ ಮರೆತು ಹೋದ ದೊಡ್ಡ ತಾಟಿನ ಹಾಗೆ ಕಾಣುತ್ತಿತ್ತು.

ದಿನಾ ಬೆಳಿಗ್ಗೆ ನನ್ನ ಸ್ಕೂಟಿಯ ಮುಂದೆ ಒಂದು ಕ್ಯಾನ್, ಹಿಂದೆ ಅಜ್ಜ, ಅಜ್ಜನ ತೊಡೆಯ ಮೇಲೆ ಇನ್ನೊಂದು ಕ್ಯಾನ್. ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಕೆಯ ತವರು ಡಫಳಾಪುರ. ಮನಸ್ಸಿಗೆ ಏನಾದರೂ ತಟ್ಟಿದರೆ ಮೊದಲು ಬರುವುದು ಮರಾಠಿ. "ಅಗ್ಗಬಾಯಿ! ಮಾವಾರನ್ನ ಬೀಳಿಸಿಗೀಳಿಸಿ ಬಂದೀ," ಅಂತ ದಿನಾ ಒಂದೇ ಮಾತು.

ಮೊದಲ ವಾರ ಯಾರೂ ಬರಲಿಲ್ಲ. ನೀರಿನಲ್ಲಿ ಆಕಾಶ ಮಾತ್ರ ಇತ್ತು. ಆಮೇಲೆ ಒಂದು ಬೆಳಿಗ್ಗೆ ನೀರಿನ ಅಂಚಿನಲ್ಲಿ ಮೂರು ನೆಲಗುಬ್ಬಿ. ನಾನು ಮೊದಲ ಗೆರೆ ಎಳೆದೆ. ಅಲ್ಲಿಂದ ಗೆರೆಗಳು ಹುಲ್ಲಿನ ಹಾಗೆ ಬೆಳೆದವು.

ಎಲ್ಲಕ್ಕಿಂತ ಮರೆಯಲಾಗದ್ದು ಪಖುರ್ಡಿ. ಅದು ಪಾರಿವಾಳದಷ್ಟಿರುವ, ಮಣ್ಣಿನ ಬಣ್ಣದ ಹಕ್ಕಿ. ಕನ್ನಡದ ಹೆಸರು ನಮ್ಮ ಊರಲ್ಲಿ ಯಾರ ಬಾಯಲ್ಲೂ ಇಲ್ಲ. ಬಿಸಿಲು ಸ್ವಲ್ಪ ಏರಿದ ಮೇಲೆ, ಮೊದಲು ದನಿ ಬರುತ್ತದೆ, ಯಾರೋ ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ. ಆಮೇಲೆ ಪಕ್ಕದ ಊರಾದ ಸೊರಡಿಯ ದಿಕ್ಕಿನ ಆಕಾಶದಿಂದ ಗುಂಪು ಇಳಿಯುತ್ತದೆ. ಒಂದು ದಿನ ಕುಡಿದು ಎಲ್ಲವೂ ಎದ್ದ ಮೇಲೂ ಗಂಡು ಒಂದು ಉಳಿಯಿತು. ನೀರಿಗೆ ಇಳಿದು, ಎದೆ ಒತ್ತಿ ಕೂತು, ಕಾವು ಕೂತಂತೆ ಅತ್ತಿತ್ತ ಅಲುಗಾಡಿತು. ಎದೆಯ ಗರಿಗಳು ತೊಯ್ದು ಕಪ್ಪಾದ ಮೇಲೆ ಭಾರವಾಗಿ ಎದ್ದು, ಬಂದ ದಿಕ್ಕಿಗೇ ಹಾರಿತು. ಹುಲ್ಲಿನ ಮೇಲೆ ಎರಡು ಹನಿ ಬಿದ್ದದ್ದನ್ನು ನಾನು ನೋಡಿದೆ.

"ಒಯ್ಯಾಕತ್ತೈತಿ," ಅಂದರು ಅಜ್ಜ, ಉಸುರಿದ ಹಾಗೆ. "ಮರಿಗೋಳಿಗೆ ನೀರು ಒಯ್ಯಾಕತ್ತೈತಿ, ಎದಿಯೊಳಗ. ನಿಮ್ಮಜ್ಜಿ ಹೇಳ್ತಿದ್ಲು. ನಾ ಸುಳ್ಳಂತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ತಲಾಠಿಬಾಯಿ, ಬರಕೊಂಡ್ಯಾ?" ಅಂದರು.

ರೊಟ್ಟಿ ಶುರುವಾದದ್ದು ಅದರ ಮರುದಿನ. ಅಜ್ಜನ ಕೈಯಲ್ಲಿ ಬಿಳಿ ಬಟ್ಟೆಯ ಗಂಟು ಇತ್ತು. ನೀರು ಸುರಿದ ಮೇಲೆ ಅದನ್ನು ಬಿಚ್ಚಿ, ಜೋಳದ ರೊಟ್ಟಿ ಮುರಿದು, ಬೆಲ್ಲ ಪುಡಿಮಾಡಿ ಅಂಚಿನ ಸುತ್ತ ಉದುರಿಸಿದರು.

"ಇದ್ಯಾಕಜ್ಜಾ?"

"ಬರೇ ನೀರು ಕೊಟ್ರ ಆಕಿ ನನ್ನ ಬೈತಾಳ."

ಒಂದು ತುಣುಕು ತಾವು ತಿಂದರು. ಅಜ್ಜಿ ಹೋದ ಮೇಲೆ ಬೆಳಗಿನ ಹೊತ್ತು ಅಜ್ಜ ಮನೆಯಲ್ಲಿ ಏನೂ ತಿನ್ನುತ್ತಿರಲಿಲ್ಲ, ಚಹಾ ಮಾತ್ರ. ಮಾಳದಲ್ಲಿ ತಿನ್ನತೊಡಗಿದರು. ಕಾಕು ಅದನ್ನು ಕೇಳಿ ಮಾರನೆಯ ದಿನದಿಂದ ಎರಡು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದಳು.

ಊರಲ್ಲಿ ಸುದ್ದಿ ಹರಡಿತು. ಇದು ಯಾರ ತಪ್ಪೂ ಅಲ್ಲ. ನಮ್ಮ ಕಡೆ ಮಂದಿ ಅಂಥವರೇ. ಒಬ್ಬರು ಅನ್ನ ಹಾಕುವುದು ಕಂಡರೆ ಇನ್ನೊಬ್ಬರಿಗೆ ಕೈ ಕಟ್ಟಿ ಕೂರಲಾಗುವುದಿಲ್ಲ. ಯುಗಾದಿಯ ಮಾರನೆಯ ದಿನ ತಾಟಿನ ಸುತ್ತ ಹೋಳಿಗೆಯ ಚೂರುಗಳಿದ್ದವು. ಮದುವೆಯಾದ ಮನೆಯವರು ಉಳಿದ ಅನ್ನ ತಂದರು. ಯಾರೋ ತೊಟ್ಟಿಲು ಹಾಕಿದ ದಿನ ಗುಗ್ಗರಿ ತಂದರು. ಅಜ್ಜನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಹೊಳಪು ಬಂತು. "ಆಕಿ ಹೆಸರಿನ ದಾಸೋಹ ನಡದೈತಿ ನೋಡವ್ವಾ," ಅನ್ನುತ್ತಿದ್ದರು.

ಕಾಗೆಗಳು ಬಂದವು. ನಾಯಿಗಳು ಬಂದವು. ನಾನು ಅವಕ್ಕೂ ಒಂದೊಂದು ಕಾಲಮ್ಮು ಹಾಕಿ, ಸಂತೋಷದಿಂದಲೇ ಗೆರೆ ಎಳೆದೆ.

ಎರಡನೆಯ ಬೇಸಿಗೆಯಲ್ಲಿ ನಾನು ಗೆರೆ ಎಳೆಯುತ್ತಲೇ ಇದ್ದೆ, ಆದರೆ ಏನೋ ಕಡಿಮೆಯಾಗಿತ್ತು. ಮೊದಲ ವರ್ಷ ಟಿಟವಿಯ ಮರಿಗಳನ್ನು ಕಂಡಿದ್ದೆ: ತತ್ತಿಯಿಂದ ಬಂದ ಕೂಡಲೇ ಓಡುವ, ತಾಯಿ ಒಂದು ಕೂಗು ಹಾಕಿದರೆ ಕೂತಲ್ಲೇ ಕಲ್ಲಾಗುವ ಹತ್ತಿಯ ಉಂಡೆಗಳು. ಎರಡನೆಯ ವರ್ಷ ಮರಿಗಳ ಕಾಲಮ್ಮಿನಲ್ಲಿ ಒಂದೂ ಗೆರೆಯಿಲ್ಲ. ನನ್ನ ಕಣ್ಣಿಗೇ ಬೀಳಲಿಲ್ಲವೇನೋ ಅಂದುಕೊಂಡೆ.

ಆಮೇಲೆ ಕಾರಣವೇ ಕಣ್ಣಿಗೆ ಬಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ. ಅಜ್ಜನಿಗೆ ಮೈ ಬೆಚ್ಚಗಿತ್ತು, ನಾನೊಬ್ಬಳೇ ಹೋಗಿದ್ದೆ. ನೀರು ಸುರಿದು, ರೊಟ್ಟಿ ಉದುರಿಸಿ, ದಿಬ್ಬದ ಮೇಲೆ ಹೋಗಿ ಕೂತೆ. ಕಂದು ಬಣ್ಣದ ನಾಯಿಯೊಂದು ಬಂತು. ನನಗೆ ಗುರುತಿನದೇ, ಹಿಟ್ಟಿನ ಗಿರಣಿಯ ಮುಂದೆ ಮಲಗುವುದು. ರೊಟ್ಟಿ ತಿಂದಿತು, ನೀರು ಕುಡಿಯಿತು. ಹೊಟ್ಟೆ ತುಂಬಿದ ನಾಯಿ ಊರಿಗೆ ಹೋಗಬೇಕಲ್ಲ, ಹೋಗಲಿಲ್ಲ. ಮೂಗನ್ನು ನೆಲಕ್ಕೆ ಹಚ್ಚಿ, ಊಟದ ಮೇಲೆ ಅಡ್ಡಾಡಲು ಹೊರಟವರ ಹಾಗೆ ನಿಧಾನವಾಗಿ ಮಾಳದೊಳಗೆ ನಡೆಯಿತು. ಟಿಟವಿಗಳು ಎರಡೂ ಮೇಲೆದ್ದವು. ಒದರಿದವು, ಅದರ ಬೆನ್ನಿಗೆ ತಾಗುವ ಹಾಗೆ ಬಂದು ಬಂದು ಎರಗಿದವು. ಅವುಗಳಲ್ಲಿ ಒಂದು ರೆಕ್ಕೆ ಮುರಿದ ಹಾಗೆ ನಟಿಸಿ ನೆಲದ ಮೇಲೆ ಹೊರಳಾಡಿತು. ನಾಯಿ ತಲೆಯೆತ್ತಿ ಅದನ್ನು ನೋಡಲೂ ಇಲ್ಲ. ಒಂದು ಕಡೆ ನಿಂತು, ಕತ್ತು ಬಗ್ಗಿಸಿ, ನಾಲ್ಕು ಸಲ ಬಾಯಿ ಆಡಿಸಿತು.

ನಾನು ಓಡಿ ಹೋಗುವಷ್ಟರಲ್ಲಿ ಅಲ್ಲಿ ಹಸಿ ಅಂಟು, ಹರಳಿನ ಬಣ್ಣದ ಸಿಪ್ಪೆ. ಸುತ್ತಲಿನ ಮಾಳ ಎಂದಿನ ಹಾಗೇ ಬೆಳ್ಳಗೆ ಅಲುಗುತ್ತಿತ್ತು. ನಾನು ರೊಟ್ಟಿಯ ಬಟ್ಟೆಯನ್ನು ಇನ್ನೂ ಕೈಯಲ್ಲಿ ಹಿಡಿದಿದ್ದೆ.

ಒಂದು ಸಲ ಕಂಡದ್ದರಿಂದ ಹೀಗೇ ಅನ್ನಬಾರದು ಅಂತ ನನಗೆ ನಾನೇ ಹೇಳಿಕೊಂಡು, ಆ ತಿಂಗಳೆಲ್ಲ ಎರಡು ಕಡೆ ಕೂತೆ. ಒಂದು ದಿನ ತಾಟಿನ ಹತ್ತಿರ, ಒಂದು ದಿನ ಮಾಳದ ಆಚೆ ತುದಿಯಲ್ಲಿ, ಸೊರಡಿಯ ದಿಕ್ಕಿಗೆ, ಯಾರೂ ಏನೂ ತಂದು ಹಾಕದ ಕಡೆ. ಆಚೆ ತುದಿಯಲ್ಲಿ ನೀರಿರಲಿಲ್ಲ, ನಾಯಿಯೂ ಇರಲಿಲ್ಲ. ಮೂರು ಮರಿ ಓಡಾಡುತ್ತಿದ್ದವು. ಈಚೆಯ ಬದಿಯಲ್ಲಿ ನಾಯಿ, ಕಾಗೆ, ಮತ್ತೆ ನಾಯಿ. ಮಾಳದಲ್ಲಿ ಹೊಟ್ಟೆಗೆ ಸಿಗುತ್ತದೆ ಅನ್ನುವುದನ್ನು ಅವಕ್ಕೆ ಕಲಿಸಿದವರು ನಾವು. ದಾರಿ ಗೊತ್ತಾದ ಮೇಲೆ ಅವು ತಾಟಿನ ಅಂಚಿನಲ್ಲಿ ಯಾಕೆ ನಿಲ್ಲುತ್ತವೆ?

ಮೊದಲು ಕಾಕುವಿಗೆ ಹೇಳಿದೆ. ಆಕೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಮಾವಾರಿಗೆ ಹೇಳ್ತೀ ಏನು?"

"ಹೇಳಬೇಕಲ್ಲ."

"ಹೇಳು, ಹೇಳು. ಮತ್ತ ಬೆಳಿಗ್ಗೆ ಅವರಿಗೆ ರೊಟ್ಟಿ ತಿನ್ನಸೂ ಕೆಲಸಾನೂ ನೀನ ತಗೋ." ಹಿಟ್ಟಿನ ಉಂಡೆ ಮುರಿಯುತ್ತ ಅಂದಳು, "ಆ ತಾಟಿನ ಮುಂದ ಅವರು ಅತ್ತಿ ಜೋಡಿ ಮಾತಾಡತಾರ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ನಾನು ಎಷ್ಟು ಹಕ್ಕಿ ಅಂತ ಬರೆಯುತ್ತಿರುವಾಗ ಅಜ್ಜ ರೊಟ್ಟಿ ಮುರಿಯುತ್ತ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ಏನಾಯಿತು, ಎಮ್ಮೆ ಈಯಿತು, ಈ ಸಲದ ಬೆಲ್ಲ ಚಲೋ ಇಲ್ಲ. ನಾನು ಕೇಳಿಸಿಕೊಳ್ಳದ ಹಾಗೆ ಕೂರುತ್ತಿದ್ದೆ. ಹೇಳಿದರೆ ಅಜ್ಜನ ಆ ಬೆಳಗು ಹೋಗುತ್ತಿತ್ತು, ಸುಮ್ಮನಿದ್ದರೆ ಅಜ್ಜಿಯ ಹಕ್ಕಿಗಳು ಹೋಗುತ್ತಿದ್ದವು. ನಾಲ್ಕು ದಿನ ಎರಡನ್ನೂ ತೂಗಿದೆ. ಐದನೆಯ ಸಂಜೆ ಅಜ್ಜ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಹತ್ತಿರ ಕೂತು, ಕಂಡದ್ದನ್ನೆಲ್ಲ ಹೇಳಿ, "ಅಜ್ಜಾ, ರೊಟ್ಟಿ ಬಿಡೂಣು. ನೀರಷ್ಟ ಹಾಕೂಣು," ಅಂದೆ.

ಅಜ್ಜ ಬಸಿಯಲ್ಲಿ ಚಹಾ ಆರಿಸುತ್ತಲೇ ಕೇಳಿದರು: "ನಾಯಿಗೆ ಹಸಿವಿ ಇರೂದಿಲ್ಲೇನು?"

"ಇರತೈತಿ. ಆದ್ರ ಊರಾಗ..."

"ದಾಸೋಹದ ಪಂಕ್ತಿಯೊಳಗ, ನೀ ಕುಂದ್ರು, ನೀ ಏಳು ಅಂತ ಯಾರರೆ ಅಂದಾರೇನು? ನಿಮ್ಮಜ್ಜಿ ಯಾವತ್ತರೆ ಅಂದಿದ್ಲೇನು?"

"ಇಲ್ಲ."

"ಮತ್ತ?"

"ಪಂಕ್ತಿಯೊಳಗ ಕುಂತವರು ಬಾಜೂದವರ ಕೂಸಿನ್ನ ತಿನ್ನೂದಿಲ್ಲಜ್ಜಾ."

ಅಜ್ಜ ಬಸಿ ಕೆಳಗಿಟ್ಟರು. ಚಹಾ ಹಾಗೇ ಉಳಿಯಿತು. ಒಳಗಿನಿಂದ ಕಾಕುವಿನ ಒಂದು ಸಣ್ಣ "ಅಗ್ಗಬಾಯಿ" ಕೇಳಿಸಿತು.

ಮರುದಿನ ನಾನು ಏಳುವ ಮೊದಲೇ ಅಜ್ಜ ಹೊರಟು ಹೋಗಿದ್ದರು, ಹಳೆಯ ಸೈಕಲ್ಲಿಗೆ ಒಂದೇ ಕ್ಯಾನ್ ಕಟ್ಟಿಕೊಂಡು, ಗಂಟನ್ನೂ ತೆಗೆದುಕೊಂಡು. ಅದರ ಮರುದಿನವೂ ಹಾಗೇ. ಹೋದವರು, ಅಜ್ಜ ಒಬ್ಬರೇ. ಅಷ್ಟು ಬರೆದು ಮುಂದಿನದನ್ನು ಬಿಟ್ಟೆ, ಬಂದವರು ಯಾರೆಂದು ನನಗೆ ಗೊತ್ತಿರಲಿಲ್ಲ. ಗೌಂಡಿ ಮಾಮಾ ದಾರಿಯಲ್ಲಿ ಸಿಕ್ಕು, "ಏನವ್ವಾ, ನಿಮ್ಮಜ್ಜಾರು ಸೈಕಲ್ ದೂಡಕೋತ ದಿಬ್ಬ ಏರತಾರ. ನಾ ಕ್ಯಾನ್ ಹಿಡಿತೀನಿ ಅಂದ್ರ, ನಿನಗ ಸಕ್ಕರಿ ಜಾಸ್ತಿ ಆಗೇತಿ ಹೋಗು ಅಂತಾರ," ಅಂದರು.

ಒಂದು ವಾರದ ಮೇಲೆ ಅಜ್ಜ ಎಂದಿಗಿಂತ ಬೇಗ ಬಂದರು. ಗಂಟು ಬಿಚ್ಚಿರಲಿಲ್ಲ. ಕಾಕು ನೋಡಿದಳು. "ಮಾವಾರ, ರೊಟ್ಟಿ ಹಂಗ ಅದಾವಲ್ಲರಿ?" ಅಂದಳು. ಅಜ್ಜ ನನ್ನ ಕಡೆ ತಿರುಗಿ, "ನಾಳೆ ಗಾಡಿ ತಗಿ. ಲಗೂನ ಹೋಗೂಣು," ಅಂದರು.

ಮರುದಿನ ಮಾಳದ ಕೆಳಗೇ ಸ್ಕೂಟಿ ನಿಲ್ಲಿಸಲು ಹೇಳಿದರು. ಇಬ್ಬರೂ ಕ್ಯಾನ್ ಹಿಡಿದು ನಡೆದೆವು. ಮಂಜಿನ ಹಾಗೆ ಏನೋ ನೆಲದ ಮೇಲೆ ತೇಲುತ್ತಿತ್ತು. ದೂಳೋ, ಹುಲ್ಲಿನ ಬೆಳಕೋ. ಟಿಟವಿ ಎರಡು ದೂರದಲ್ಲಿ ನಿಂತಿದ್ದವು. ನಮ್ಮನ್ನು ಕಂಡು ಒಂದು ಸಲ ಟಿಟ್ ಅಂದವು, ಅಷ್ಟೇ. ಅಜ್ಜ ನೀರು ಸುರಿದರು. ಆಗಲೂ ಅವು ಸುಮ್ಮನಿದ್ದವು.

"ಈಗ ನೋಡು," ಅಂದು ಅಜ್ಜ ಅಂಗಿಯ ಕಿಸೆಯಿಂದ ಬಿಳಿ ಬಟ್ಟೆ ಹೊರಗೆ ತೆಗೆದರು. ಬರೀ ಬಟ್ಟೆ, ಒಳಗೆ ಏನೂ ಇರಲಿಲ್ಲ. ಅದನ್ನು ಕೊಡವಿದ್ದೇ ತಡ, ಎರಡೂ ಹಕ್ಕಿ ಮೇಲೆದ್ದವು. ಮತ್ತೆಲ್ಲಿಂದಲೋ ಇನ್ನೆರಡು ಎದ್ದವು. ಅಜ್ಜನ ತಲೆಯ ಮೇಲೆ ಸುತ್ತಿ ಸುತ್ತಿ, ಮಾಳ ಹರಿದು ಹೋಗುವ ಹಾಗೆ ಒದರತೊಡಗಿದವು.

ಅಜ್ಜ ಬಟ್ಟೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಎಷ್ಟೋ ಹೊತ್ತು ಹಿಡಿಯಿತು ಅವು ಇಳಿಯಲು.

"ನೋಡಿದ್ಯಾ? ಅರಿವಿ ಕಂಡ್ರ ನಾಯಿ ಬರತಾವು ಅಂತ ಅವಕ್ಕ ತಿಳಿದೈತಿ. ಏಳು ದಿನಾ ನೋಡಿದೆ. ನನಗ ತಿಳೀಲಿಲ್ಲ, ಅವಕ್ಕ ತಿಳೀತು." ಬಟ್ಟೆಯಿದ್ದ ಕಿಸೆಯನ್ನು ಸವರಿದರು. "ಆಕಿ ಬಂದ್ರ ಸುಮ್ಮಿರತಿದ್ವು. ಆಕಿ ಹೆಸರಿಲೆ ನಾ ಬಂದ್ರ ಕಳ್ಳ ಬಂದಂಗ ಒದರತಾವು."

ಪಖುರ್ಡಿಗಳ ದನಿ ದೂರದಿಂದ ಬರುತ್ತಿತ್ತು, ನೀರು ತುಂಬಿದ ಬಾಯಿಯ ಮಾತು. ನಾವು ಹಿಂದೆ ಸರಿದೆವು. ಸರಿಯುವ ಮುನ್ನ ಅಜ್ಜ ಇನ್ನೊಂದು ಕಿಸೆಯಿಂದ ಬೆಲ್ಲದ ಚೂರು ತೆಗೆದರು. ಅಭ್ಯಾಸದ ಕೈ ನೀರಿನ ಅಂಚಿನ ತನಕ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಬೆಲ್ಲವನ್ನು ತಮ್ಮ ಬಾಯಿಗೇ ಹಾಕಿಕೊಂಡು, ಬಾಗಿಲಿಗೆ ಬಂದ ದೊಡ್ಡವರ ಮುಂದೆ ನಿಂತ ಹಾಗೆ ಸ್ವಲ್ಪ ಬಾಗಿ, ಮಾಳಕ್ಕೆ ಹೇಳಿದರು:

"ಬರೇ ನೀರು ಐತ್ರಿ. ತಪ್ಪು ತಿಳಕೋಬ್ಯಾಡ್ರಿ."

ಅದು ಅಜ್ಜಿಯ ಮಾತು, ಅಜ್ಜಿಯದೇ ನಾಚಿಕೆ. ಅಜ್ಜನ ಬಾಯಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲ ಸಲ.

ಆ ವಾರ ಅಜ್ಜ ಊರಲ್ಲಿ ಮನೆಮನೆಗೆ ಹೋಗಿ, "ಮಾಳಕ್ಕ ಅನ್ನ ರೊಟ್ಟಿ ಒಯ್ಯಬ್ಯಾಡ್ರಿ. ಉಳಿದದ್ದು ನಮ್ಮ ಕಟ್ಟೀಗೆ ತಂದು ಕೊಡ್ರಿ," ಅಂದು ಬಂದರು. ಕೆಲವರು ಬೇಸರಪಟ್ಟರು, ಪುಣ್ಯದ ಕೆಲಸಕ್ಕೆ ಅಡ್ಡ ಬಂದ ಹಾಗಾಯಿತಲ್ಲ ಅಂದರು. ಕೆಲವರು ಈಗಲೂ ಅಮಾವಾಸ್ಯೆಗೆ ಕದ್ದು ಒಯ್ದು ಇಟ್ಟು ಬರುತ್ತಾರೆ. ಆದರೆ ಹೆಚ್ಚಿನವರು ನಮ್ಮ ಕಟ್ಟೆಗೆ ತರತೊಡಗಿದರು. ಬೆಳಿಗ್ಗೆ ಊರ ನಾಯಿಗಳೆಲ್ಲ ನಮ್ಮ ಬಾಗಿಲಿಗೆ ಸಾಲು ಹಚ್ಚುತ್ತವೆ, ಗಿರಣಿಯ ಕಂದು ನಾಯಿ ಎಲ್ಲರಿಗಿಂತ ಮುಂದೆ.

"ಮನಿ ಅಲ್ಲ ಇದು, ನಾಯಿಗೋಳ ಮಠ," ಅನ್ನುತ್ತಾಳೆ ಕಾಕು. "ಸ್ವಾಮಿಗೋಳು ಒಬ್ಬರು ಕಡಿಮಿ." ಗೌಂಡಿ ಮಾಮಾ ಆ ಹೊತ್ತಿಗೇ ಚಹಾಕ್ಕೆ ಬಂದು, "ಅವರೂ ಬಂದ್ರು ನೋಡ್ರಿ," ಅಂತ ಅಜ್ಜನ ಕಡೆ ಕೈ ತೋರಿಸುತ್ತಾರೆ. ಅಜ್ಜ ಅಲ್ಲಿ ನಿಂತು, ಆ ಪಂಕ್ತಿಯಲ್ಲಿ ಯಾರನ್ನೂ ಎಬ್ಬಿಸದೆ ರೊಟ್ಟಿ ಹಾಕುತ್ತಾರೆ; ತಾವೂ ಒಂದು ತುಣುಕು ತಿನ್ನುತ್ತಾರೆ. ಅಜ್ಜಿಯ ಜೊತೆಗಿನ ಮಾತು ಮಾತ್ರ ಮಾಳಕ್ಕೆ ಹೋದ ಮೇಲೆಯೇ.

ಈಗ ಮೂರನೆಯ ಬೇಸಿಗೆ. ಇದನ್ನು ಬರೆಯುತ್ತಿರುವುದು ದಿಬ್ಬದ ಮೇಲೆ ಕೂತು. ಕೆಳಗೆ ತಾಟಿನಲ್ಲಿ ಆಕಾಶವಿದೆ, ಅದರೊಳಗೆ ಪವನಚಕ್ಕಿಯ ಒಂದು ರೆಕ್ಕೆ ಬಂದು ಬಂದು ಹೋಗುತ್ತಿದೆ. ತಾಟಿನಿಂದ ಸ್ವಲ್ಪ ದೂರದಲ್ಲಿ ಎರಡು ಟಿಟವಿ ಮರಿ. ನಾನು ಬೆಳಗಿನಿಂದ ಇದೇ ಎರಡು ಗೆರೆಯನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅಜ್ಜ ನಡೆದರೆ ಅವುಗಳ ತಾಯಿ ಇನ್ನೂ ಒದರುತ್ತದೆ. ಆದರೆ ಮೊದಲಿನಷ್ಟು ಹೊತ್ತಲ್ಲ. ನಿನ್ನೆ ಮೂರು ಸಲ ಕೂಗಿ, ಕತ್ತು ಓರೆ ಮಾಡಿ ನೋಡಿ, ಬಿಟ್ಟಿತು. ಅಜ್ಜ ಆ ದಿನವೆಲ್ಲ ಮನೆಯಲ್ಲಿ ಅದನ್ನೇ ಹೇಳಿದರು.

ಆದರೆ ನನ್ನ ಲೆಕ್ಕದಲ್ಲಿ ಒಂದು ಕಾಲಮ್ಮು ಇನ್ನೂ ಖಾಲಿಯಾಗಿಲ್ಲ. ರೊಟ್ಟಿ ನಿಂತ ಮೇಲೂ ಕಡುಬಿಸಿಲಿನ ದಿನ ಒಂದೋ ಎರಡೋ ನಾಯಿ ಬರೇ ನೀರಿಗೆಂದೇ ಬರುತ್ತವೆ. ಕಾಗೆಯೂ ಬರುತ್ತದೆ. ಬಂದದ್ದೆಲ್ಲ ತತ್ತಿ ಹುಡುಕುವುದಿಲ್ಲ, ಕೆಲವು ಹುಡುಕುತ್ತವೆ. ನೀರೇ ಇಲ್ಲದ ಆಚೆ ತುದಿಯಲ್ಲಿ ಮರಿಗಳು ಈಗಲೂ ಹೆಚ್ಚು. ಎದೆ ತೋಯಿಸಿಕೊಂಡು ಹೋಗುವ ಪಖುರ್ಡಿ ಮಾತ್ರ ಈ ತಾಟಿಗೇ ಬರುತ್ತದೆ. ಒಂದು ಹಕ್ಕಿಗೆ ಬೇಕಾದದ್ದು ಇನ್ನೊಂದಕ್ಕೆ ಮುಳುವಾದರೆ ಏನು ಮಾಡಬೇಕು ಅನ್ನುವುದು ನನ್ನ ಗೆರೆಗಳಿಂದ ತಿಳಿಯುತ್ತಿಲ್ಲ.

ಒಣ ಮಾಳಗಳನ್ನು, ನೆಲದ ಮೇಲೆ ತತ್ತಿ ಇಡುವ ಹಕ್ಕಿಗಳನ್ನು ನನಗಿಂತ ಹೆಚ್ಚು ಬಲ್ಲವರು ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ತತ್ತಿಯ ತಿಂಗಳಲ್ಲಿ ತಾಟನ್ನು ಒಣಗಿಸಿಡಬೇಕೇ? ಅಥವಾ ಮಾಳದ ಅಂಚಿಗೆ, ಊರ ಹತ್ತಿರಕ್ಕೆ ಸರಿಸಬೇಕೇ? ನಿಮ್ಮ ಕಡೆ, ಯಾವ ದೇಶದಲ್ಲೇ ಆಗಲಿ, ಹೀಗೆ ನೀರಿಟ್ಟವರು ಏನು ಕಂಡರು? ಕನ್ನಡದಲ್ಲಿ ಬರೆದರೂ ಸರಿ, ಮರಾಠಿಯಲ್ಲಾದರೂ ಸರಿ. ಅಜ್ಜನಿಗೆ ನಾನೇ ಓದಿ ಹೇಳುತ್ತೇನೆ. ಬರೇ ನೀರನ್ನೂ ನಿಲ್ಲಿಸಿ ಅನ್ನುವವರು ಮಾತ್ರ ಆ ಸಾಲನ್ನು ಸ್ವಲ್ಪ ಮೆಲ್ಲಗೆ ಬರೆಯಿರಿ.